ಇವರ ಮಾತು, ನನ್ನ ಬಾಯಿಂದ

ಸಚಿನ್, ಸೂರತ್ ಜಿಲ್ಲೆ
12-2-2025

ಪ್ರೀತಿಯ ತಂಗಿ ಸುಮಿತ್ರಾ,

ಅಕ್ಕನ ಆಶೀರ್ವಾದ. ಗದಗಿನಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಯಜಮಾನರು ಪಕ್ಕದಲ್ಲೇ ಕೂತಿರುತ್ತಾರೆ. ತಮ್ಮ ವಿಷಯವೆಂದು ತಿಳಿದರೆ ಮುಖ ಬಾಡುತ್ತದೆ.

ಮರೆವಿನ ಕಾಯಿಲೆ ಈಗ ಇವರ ಗುಜರಾತಿ, ಹಿಂದಿ ಎರಡನ್ನೂ ತಿಂದುಹಾಕಿದೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಗುಜರಾತಿಯಲ್ಲೇ ಜಗಳಾಡಿ ಮುದುಕರಾದವರು, ಹಾಲಿನವನ ಜೊತೆಗೂ ಈಗ ಗದಗಿನ ಮಾತು. ಅವನು ಎಲ್ಲದಕ್ಕೂ ‘ಹಾ ಕಾಕಾ’ ಎಂದು ನಗುತ್ತಾನೆ. ನನ್ನನ್ನು ಈಚೆಗೆ ‘ಬಾಯಾರ’ ಎಂದು ಕರೆಯುತ್ತಾರೆ, ಯಾರದೋ ಮನೆಯ ಹೆಂಗಸೆಂಬಂತೆ. ಒಮ್ಮೆ ರೈಲು ಹಳಿಯವರೆಗೆ ಹೋಗಿಬಿಟ್ಟಿದ್ದರು. ಅಂದಿನಿಂದ ಹಾಸ್ಟೆಲಿನ ಅಡುಗೆಗೆ ಹೋಗುವಾಗ ಹೊರಗಿನಿಂದ ಬೀಗ ಹಾಕತೊಡಗಿದೆ. ಬಾಗಿಲು ಬಡಿದು ಬಡಿದು ಇವರ ಬೆರಳ ಗೆಣ್ಣುಗಳು ಒಡೆದಿದ್ದವು. ಪಕ್ಕದ ಮನೆಯ ಹಂಸಾಬೆನ್ ನೋಡಿಕೊಳ್ಳಲು ಸಿದ್ಧಳಿದ್ದಳು. ಆದರೆ ಸೀರೆಗೆ ಹೊಳೆಯುವ ಬಣ್ಣದ ಕಲ್ಲು ಅಂಟಿಸಿ ಹೊಟ್ಟೆ ಹೊರೆಯುವವಳಿಗೆ ಪುಕ್ಕಟೆ ಬಂದು ಕೂರೆಂದು ಹೇಗೆ ಹೇಳಲಿ?

ಅದಕ್ಕೇ ಸರ್ಕಾರದ ಸಹಾಯಧನಕ್ಕೆ ಓಡಾಡಿದ್ದು. ಹೋದ ವರ್ಷ ಪರೀಕ್ಷೆಯ ದಿನ ಇವರು ಇಸ್ತ್ರಿ ಅಂಗಿ ತೊಟ್ಟು, ಡಾಕ್ಟರಿಗೆ ಕೈಮುಗಿದು, ನನ್ನನ್ನು ಹೆಂಡತಿಯೆಂದು ಪರಿಚಯ ಮಾಡಿಸಿದ್ದರು. ಮನೆಯವರ ಗುರುತಿದೆ, ಕಾಯಿಲೆ ಅಷ್ಟು ಬಲಿತಿಲ್ಲವೆಂದು ಅರ್ಜಿ ತಿರುಗಿಸಿಬಿಟ್ಟರು.

ಈ ಸಲ ಇದ್ದದ್ದು ಒಬ್ಬ ಡಾಕ್ಟರಮ್ಮ. ಅವರು ಗುಜರಾತಿಯಲ್ಲಿ ಕೇಳುವುದು, ನಾನು ಕನ್ನಡದಲ್ಲಿ ಇವರಿಗೆ ಹೇಳುವುದು, ಇವರ ಉತ್ತರವನ್ನು ಮತ್ತೆ ಅವರಿಗೆ ಮುಟ್ಟಿಸುವುದು. ಇದು ಯಾವ ಊರೆಂದರೆ ಗದಗ ಎಂದರು. ಮುಂಜಾನೆ ಏನು ತಿಂದಿರಿ ಎಂದರೆ, “ಈ ಬಾಯಾರು ಏನೂ ಹಾಕಿಲ್ರಿ” ಎಂದು ನನ್ನ ಮೇಲೇ ದೂರು. ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದು ಬಂದಿದ್ದರು.

ಅಂತೂ ಮಂಜೂರಾಯಿತು. ಈಗ ಹಂಸಾಬೆನ್ ತನ್ನ ಸೀರೆಗಳನ್ನು ನಮ್ಮಲ್ಲಿಗೇ ತಂದು ಕೂರುತ್ತಾಳೆ. ಬೀಗ ಹಾಕುವುದು ತಪ್ಪಿತು. ಇವರು ಕಲ್ಲುಗಳನ್ನು ಬಣ್ಣ ನೋಡಿ ಬೇರೆ ಮಾಡಿಕೊಡುತ್ತಾರಂತೆ, ಒಂದೂ ತಪ್ಪುವುದಿಲ್ಲವಂತೆ.

ನಿನ್ನ ಮೊಮ್ಮಗಳು ಮನಸ್ವಿನಿಗೆ ನನ್ನ ಮುತ್ತು. ನೀನು ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಮನೆ ತುಂಬ ಎಲ್ಲರೂ ತಣ್ಣಗಿರಿ.

ನಿನ್ನ ಅಕ್ಕ,
ಶಾಂತಾ

ತಾ.ಕ.: ಒಂದು ಪ್ರಶ್ನೆಯನ್ನು ಮೇಲೆ ಬರೆಯಲಿಲ್ಲ. ಕೊನೆಗೆ ಡಾಕ್ಟರಮ್ಮ ನನ್ನತ್ತ ಕೈ ತೋರಿಸಿ, ಇವರು ಯಾರೆಂದು ಕೇಳಲು ಹೇಳಿದರು. ಕೇಳಿದೆ. ಇವರು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು ಸುಮಿತ್ರಾ. “ನಮ್ಮ ಶಾಂತಾ ರೀ. ಇಕಿ ಅದಾಳಂತ ನಾ ಅದೀನಿ” ಎಂದರು. ‘ಗೊತ್ತಿಲ್ಲ ಅನ್ನುತ್ತಿದ್ದಾರೆ’ ಎಂದು ನಾನು ಗುಜರಾತಿಯಲ್ಲಿ ಹೇಳಿದೆ. ಡಾಕ್ಟರಮ್ಮ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಏನೇನೋ ಸಮಾಧಾನ ಹೇಳಿದರು. ನನ್ನನ್ನು ಹೊಗಳುತ್ತಿದ್ದಾರೆಂದು ತಿಳಿದು ಇವರು, ಹೌದ್ರಿ, ಹೌದ್ರಿ ಎಂದು ತಲೆಯಾಡಿಸುತ್ತಿದ್ದರು.