ಅಕ್ಕಿಯ ಮೇಲಿನ ಅಂಗೈ

ಮಾರ್ಚ್ 3, ಬೆಳಗ್ಗೆ 5.40

ನನ್ನ ಧಾರಾವಾಹಿಯ ಮೂವತ್ತೊಂದನೇ ಅಧ್ಯಾಯ ಕಥೆಗಳ ಆಪ್‌ಗೆ ಏರಿಸಿದೆ. ಎಂದಿನಂತೆ ಕದ್ದು, ಬಚ್ಚಲಲ್ಲಿ ಕೂತು, ನಲ್ಲಿ ಬಿಟ್ಟುಕೊಂಡು. ಫೋನ್ ಒದ್ದೆ. ಹೊರಗೆ ಅತ್ತೆಯ ಕೆಮ್ಮು... ಇಲ್ಲೇ ಜಾವಾದ ಕುದುಸ್ ಊರಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ ಲವಂಗದ ಸಿಗರೇಟು ಸುತ್ತಿದ ಎದೆ ಅದು. ಕೆಮ್ಮಿನ ನಡುವೆಯೇ ಬೈಗುಳ.

"ವಿನ್! ಒಳಗೇ ಸತ್ತೋದ್ಯೇನೆ? ನೀರಿನ ಬಿಲ್ಲು ನಿಮ್ಮಪ್ಪ ಕಟ್ತಾನಾ?"

ಅಕ್ಕಿ ಡಬ್ಬ ತೆರೆದೆ. ಅಕ್ಕಿಯ ಮೇಲೆ ಅತ್ತೆಯ ಅಂಗೈ ಅಚ್ಚು, ಐದೂ ಬೆರಳು. ಮಲಗುವ ಮುಂಚೆ ಸಮ ಮಾಡಿ ಕೈ ಒತ್ತಿ ಹೋಗುತ್ತಾರೆ. ಕೇಳದೆ ಒಂದು ಹಿಡಿ ತೆಗೆದರೂ ಸಿಕ್ಕಿಬೀಳಬೇಕು ನಾನು. ಎಂಟು ವರ್ಷದಿಂದ ಇದೇ ಪಾಡು. ಗಂಡ ಜಾತ್ಮಿಕೊ ಕಡಲಾಚೆ ಕಾಲಿಮಂತಾನ್‌ನಲ್ಲಿ, ತಾಳೆ ತೋಟದ ಕೆಲಸ. ಹಣ ಬರುವುದು ಅವನಮ್ಮನ ಹೆಸರಿಗೆ.

ಆಪ್‌ನ ಎಡಿಟರ್ ಬರೆದಿದ್ದಾಳೆ: ಮುಂದಿನ ಅಧ್ಯಾಯಗಳಿಗೆ ಬೀಗ. ಓದುವವರು ದುಡ್ಡು ಕೊಟ್ಟು ತೆಗೆಯಬೇಕು. ನನಗೂ ಪಾಲು.

ಮಾರ್ಚ್ 9

ಮಧ್ಯಾಹ್ನ ಪಕ್ಕದ ಮನೆ ರುಮಿನಿ ಜಗಲಿಯಲ್ಲಿ ಕೂತು ಅತ್ತೆಗೆ ಫೋನಿನಿಂದ ಕಥೆ ಓದುತ್ತಿದ್ದಳು. ಅತ್ತೆಗೆ ಅಕ್ಷರ ಬಾರದು. ಸೋಯಾ ಕಾಳಿನ ಟೆಂಪೆ ಹುರಿಯುತ್ತಾ ಕಿವಿಗೊಟ್ಟೆ — ಸೊಸೆಯನ್ನು ಗೋಳುಹೊಯ್ದುಕೊಳ್ಳುವ ಅತ್ತೆಯ ಕಥೆ, ನನ್ನ ಕಥೆ! ಬೇರೆ ಹೆಸರಲ್ಲಿ ಬರೆಯುತ್ತೇನೆ, ಅವಳಿಗೇನು ಗೊತ್ತು.

"ಥೂ, ಎಂಥಾ ಹೆಂಗಸೇ ಇವ್ಳು! ಸೊಸೆ ಏನು ದನಾನಾ?" ಅತ್ತೆ ಕೇಳಿದರು.

"ಇಂಥೋರು ಹುಳ ಬಿದ್ದು ಸಾಯ್ತಾರೆ ಅಜ್ಜಿ."

"ಸಾಯ್ಲಿ ಬಿಡು. ಮುಂದೆ ಓದು."

ಒರೆಸುವ ಬಟ್ಟೆ ಬಾಯಿಗೆ ತುರುಕಿಕೊಂಡು ನಕ್ಕೆ. ಹೀಗೆ ನಕ್ಕು ಎಷ್ಟು ಕಾಲವಾಗಿತ್ತು.

ಮಾರ್ಚ್ 14

ಬಂತು! ನಾಲ್ಕು ಲಕ್ಷದ ಹನ್ನೆರಡು ಸಾವಿರ ರುಪಿಯಾ, ಒಂದು ಮೂಟೆ ಅಕ್ಕಿಯ ಬೆಲೆ. ಬರೆದು ಗಳಿಸಿದ ಮೊದಲ ದುಡ್ಡು. ಮೊಟ್ಟೆ ಜಾಸ್ತಿ ಹಾಕಿಸಿ ಬಿಸಿ ಮಾರ್ತಬಾಕ್ ರೊಟ್ಟಿ ಕೊಂಡೆ. ಮಸೀದಿಯ ಹಿಂದೆ ನಿಂತು ಒಬ್ಬಳೇ ತಿಂದೆ. ಯಾರ ಅಪ್ಪಣೆಯೂ ಇಲ್ಲದೆ. ಬಾಯಿ ಸುಟ್ಟಿತು. ಸಂತೋಷಕ್ಕೆ ಅಳು ಬಂತು.

ಎಡಿಟರ್ ಸಂದೇಶ: "ಅಕ್ಕಾ, ಆ ಅತ್ತೇನ ಸಾಯಿಸಿ. ನಿಧಾನವಾಗಿ. ದೇವರ ಶಿಕ್ಷೆ ಅಂತ ಗೊತ್ತಾಗ್ಬೇಕು. ಬಾಯಲ್ಲಿ ಹುಳ, ಹೂಳೋಕೆ ಹೋದ್ರೆ ಮಣ್ಣೂ ಈ ಹೆಣ ಬೇಡ ಅನ್ಬೇಕು. ಜನ ಮುಗಿಬೀಳ್ತಾರೆ."

ಬರೆದು ಕಳಿಸಿದೆ. ಒಂದು ಸಾಲೂ ತಿದ್ದಲಿಲ್ಲ. ಇಪ್ಪತ್ತೆಂಟಕ್ಕೆ ಬರುತ್ತದಂತೆ.

ಮಾರ್ಚ್ 15

ಅಕ್ಕಿಯ ಮೇಲೆ ಅಂಗೈ ಒತ್ತುವ ಅಧ್ಯಾಯ ಓದಿದಳು ರುಮಿನಿ. ಅತ್ತೆ ಈ ಸಲ ಬೈಯಲಿಲ್ಲ. "ಸಾಕು ಕಣೆ, ತಲೆನೋವು" ಎಂದು ಒಳಗೆ ಹೋದರು.

ಯಾಕಾದರೂ ಬರೆದೆನೋ ಅದನ್ನು. ಈ ಊರಲ್ಲಿ ಹಾಗೆ ಮಾಡುವವರು ಇನ್ನೊಬ್ಬರಿಲ್ಲ.

ಮಾರ್ಚ್ 16

ಡಬ್ಬ ತೆರೆದೆ. ಅಕ್ಕಿ ಸಮ. ಅಚ್ಚಿಲ್ಲ.

ಮಾರ್ಚ್ 19

ಇವತ್ತೂ ಇಲ್ಲ. ಬೈಗುಳವೂ ಇಲ್ಲ. "ಊಟ ಆಯ್ತೇನಮ್ಮ?" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಮಾರ್ಚ್ 26

ಅತ್ತೆಗೆ ಮೂರು ದಿನ ಆಸ್ಪತ್ರೆ. ಕೆಮ್ಮಿದರೆ ರಕ್ತ. ಇನ್ನೇನೂ ಆಗದು, ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು ಡಾಕ್ಟರು. ಮಾರ್ತಬಾಕ್ ತಿಂದು ಉಳಿದದ್ದೆಲ್ಲ ಔಷಧಿಗೆ ಹೋಯಿತು. ಜಾತ್ಮಿಕೊಗೆ ರಜೆ ಇಲ್ಲವಂತೆ.

ಎಡಿಟರನ್ನು ಬೇಡಿಕೊಂಡೆ: ಆ ಅಧ್ಯಾಯ ಬೇಡ, ಬೇರೆ ಬರೆದು ಕೊಡುತ್ತೇನೆ. ಉತ್ತರ ಒಂದೇ ಸಾಲು: "ಜಾಹೀರಾತು ಹೋಗಿದೆ ಅಕ್ಕಾ, ಕರಾರು ನೋಡ್ಕೊಳ್ಳಿ."

ಮಾರ್ಚ್ 28, ಮಧ್ಯಾಹ್ನ 3

ಬೆಳಗ್ಗೆಯೇ ಬಂದಿದೆ ಅಧ್ಯಾಯ. ಈಗ ಅತ್ತೆಗೆ ಗಂಜಿ ಕುಡಿಸಲು ಹೋದೆ. ಬೇಡವೆಂದರು.

"ಕಥೆ ಓದು."

"ರುಮಿನಿ ಬರ್ಲಿ, ಅಮ್ಮಾ."

"ನೀನೇ ಓದು."

ಪರದೆಯ ಮೇಲೆ ಹುಳ. ಬಾಯಲ್ಲಿ ಬೇರೆಯೇ ಕಟ್ಟಿ ಹೇಳಿದೆ. ಅತ್ತೆ ಮಲಗಿದ್ದಾಳೆ, ಸೊಸೆ ತಲೆ ಬಾಚುತ್ತಾಳೆ, ಇಬ್ಬರೂ ಕ್ಷಮೆ ಕೇಳಿಕೊಳ್ಳುತ್ತಾರೆ. ಇವರು ಕಣ್ಣು ಮುಚ್ಚಿ ಕೇಳಿದರು.

"ಚೆನ್ನಾಗ್ ಕಟ್ತೀಯ. ಆದ್ರೆ ಅಲ್ಲಿ ಹಾಗಿಲ್ಲ, ವಿನ್. ಬೆಳಗ್ಗೆ ನೀನು ಮಾರ್ಕೆಟ್ಟಿಗೆ ಹೋದಾಗ ರುಮಿನಿಗೆ ದುಡ್ಡು ಕೊಟ್ಟು ಬೀಗ ತೆಗೆಸ್ದೆ. ಹುಳದ ಹತ್ರ ಬಂದು, ನನ್ನಿಂದಾಗಲ್ಲ ಅಜ್ಜಿ ಅಂತ ಎದ್ದೋದ್ಲು."

ಫೋನ್ ಮಡಿಲಿಗೆ ಇಳಿಸಿದೆ.

"ಇರೋದನ್ನೇ ಓದು. ದುಡ್ಡು ಕೊಟ್ಟಿದೀನಿ."

ಓದಿದೆ. ಹುಳ ಓದಿದೆ. ಮಣ್ಣು ಬೇಡವೆನ್ನುವ ಸಾಲಿಗೆ ಬಂದಾಗ ಅವರ ಅಂಗೈ ನನ್ನ ಮೊಣಕಾಲ ಮೇಲೆ, ಐದೂ ಬೆರಳು ಒತ್ತಿತು; ಓದಿ ಮುಗಿಸುವವರೆಗೂ ತೆಗೆಯಲಿಲ್ಲ.