ಕೇಳದೆ ಹೋದ ಸಪ್ಪಳ

ಜುಲೈ 7, ಸೋಮವಾರ. ಮಧ್ಯಾಹ್ನ 1.30

ಬೆಳಗಿನಿಂದ ಮೂರನೇ ಗಾಡಿ. ಲಕ್ಷ್ಮೇಶ್ವರದ ವಿದ್ಯಾಶ್ರೀ ಟೀಚರ್‌ದು, ಹಳೇ ಪೆಟ್ರೋಲ್ ಕಾರು. ಸೋಮವಾರ, ಗುರುವಾರ ತಂದೆ ತಿರಕಪ್ಪನವರನ್ನು ಡಯಾಲಿಸಿಸ್‌ಗೆ ಗದಗಕ್ಕೆ ಕರೆತರುತ್ತಾಳೆ. ಅವರನ್ನು ಆಸ್ಪತ್ರೆಯಲ್ಲಿ ಬಿಟ್ಟು ಬೆಟಗೇರಿಗೆ, ನನ್ನ ಗ್ಯಾರೇಜಿಗೆ ಬಂದಳು.

“ನಿಂತಲ್ಲೆ ಎಂಜಿನ್ ನಡಗತೈತ್ರಿ ಕಾಕಾ. ಬ್ರೇಕ್ ಒತ್ತಿದ್ರ ಸುಯ್ ಅಂತ ಸಪ್ಪಳ ಬ್ಯಾರೆ. ಕೇಳ್ರಿ ಇಲ್ಲೆ.”

ಬಾನೆಟ್ ಮೇಲೆ ಬಗ್ಗಿದೆ. ಕಣ್ಣು ಮುಚ್ಚಿದೆ. ಸಮೀವುಲ್ಲಾ ಕಿವಿಗೊಟ್ಟರೆ ಸಾಕು, ಗಾಡಿಯ ರೋಗ ಹೇಳುತ್ತಾನೆ — ಇದು ನನ್ನ ಇಪ್ಪತ್ತೆಂಟು ವರ್ಷದ ಹೆಸರು.

ಏನೂ ಕೇಳಲಿಲ್ಲ.

ಹಾರ್ನ್ ಕೇಳುತ್ತದೆ, ಲಾರಿ ಕೇಳುತ್ತದೆ. ಗಾಳಿ ಎಳೆಯುವಂಥ ಸಣ್ಣ ಸಪ್ಪಳ ಮಾತ್ರ ರಂಜಾನಿನಿಂದೀಚೆಗೆ ಇಲ್ಲ. ಹೆಂಡತಿ ಬೀಬಿಜಾನಳಿಗೂ ಹೇಳಿಲ್ಲ.

“ಹೌದ, ಐತಿ,” ಅಂದೆ.

ಎಂಜಿನ್ ಪಕ್ಕದ ಸಣ್ಣ ವ್ಯಾಕ್ಯೂಮ್ ಪೈಪ್ ಸೀಳಿದ್ದು ಕಣ್ಣಿಗೇ ಕಂಡಿತು. ಬದಲಿಸಿದೆ. ನಡುಕ ಕಡಿಮೆಯಾಯಿತು.

ಅವಳು ಒಳಗೆ ಕೂತು ಬ್ರೇಕ್ ಒತ್ತಿ ನೋಡಿದಳು. “ಸಪ್ಪಳ ಇನ್ನೂ ಬರಾಕತ್ತೈತೆಲ್ರಿ?”

“ಹೊಸಾ ರಬ್ಬರ್ ಐತ್ರಿ. ಎರಡ ದಿನದಾಗ ಹೋಗತೈತಿ.”

ಸುಳ್ಳು. ಬಾಯಿಗೆ ಬಂದದ್ದು ಹೇಳಿದೆ.

ಜುಲೈ 8

ಅವಳ ನಂಬರ್ ಒತ್ತಿದೆ. ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಏನಂತ ಹೇಳುವುದು…

ಜುಲೈ 10, ಗುರುವಾರ. ಸಂಜೆ 5

ಬೆಳಿಗ್ಗೆ ಒಂಬತ್ತಕ್ಕೆ ಫೋನ್. ಅವಳೇ.

“ಕಾಕಾ, ಮುಳಗುಂದದ ಹತ್ರ ಬ್ರೇಕ್ ಕಲ್ಲಾಗೇತ್ರಿ. ಒತ್ತಿದ್ರ ಇಳೀವಲ್ದು. ಮುಂದಿನ ಟ್ರ್ಯಾಕ್ಟರ್ ಟ್ರಾಲಿಗೆ ಬಡದೈತಿ.”

“ಅಪ್ಪಾರು?”

“ಹಣಿ ಒಡದೈತಿ.”

ಬೈಕ್ ಹತ್ತಿದೆ. ದಾರಿ ನೆನಪಿಲ್ಲ. ಟ್ರಾಲಿಯ ತುಂಬ ದನದ ಮೇವಿನ ಕಣಿಕಿ, ಕಾರಿನ ಮೂತಿ ಅದರೊಳಗೆ ಹೊಕ್ಕಿತ್ತು. ಕಣಿಕಿಯ ಬದಲು ಕಬ್ಬಿಣವಿದ್ದಿದ್ದರೆ — ಬೇಡ. ತಿರಕಪ್ಪನವರನ್ನು ಯಾರೋ ಜೀಪಿನಲ್ಲಿ ಕರೆದೊಯ್ದಿದ್ದರು, ಜೊತೆಗೆ ಅವಳೂ. ಎರಡು ಹೊಲಿಗೆ. ಡಯಾಲಿಸಿಸ್ ಮೂರು ತಾಸು ತಡ.

ಕಾರು ಎಳೆಸಿಕೊಂಡು ಬಂದೆ. ಇನ್ನೂ ಮುಟ್ಟಿಲ್ಲ.

ಜುಲೈ 11. ಮಧ್ಯಾಹ್ನ

ಎಂಜಿನ್ ಬಂದ್ ಇಟ್ಟು ಪೆಡಲ್ ಐದು ಸಲ ಒತ್ತಿದೆ. ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿದೆ. ಸರಿಯಿದ್ದರೆ ಪೆಡಲ್ ಕಾಲಡಿ ತುಸು ಇಳಿಯಬೇಕು. ಇಳಿಯಲಿಲ್ಲ. ಬ್ರೇಕ್ ಹಗುರ ಮಾಡುವ ಎಂಜಿನ್ನಿನ ಗಾಳಿ ಎಳೆತ ಪೆಡಲ್‌ಗೆ ಮುಟ್ಟುತ್ತಿಲ್ಲ. ಈ ಪರೀಕ್ಷೆಗೆ ಕಿವಿ ಬೇಕಿಲ್ಲ, ಕಾಲು ಸಾಕು. ಸೋಮವಾರವೇ ಮಾಡಬಹುದಿತ್ತು. ಕಿವಿಯ ಹೆಸರು ಉಳಿಸಿಕೊಳ್ಳಲು ಹೋಗಿ ಮಾಡಲಿಲ್ಲ.

ಎಲ್ಲೂ ಪೆಟ್ರೋಲ್ ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಊದಿನಕಡ್ಡಿ ಹಚ್ಚಿದೆ. ಬ್ರೇಕಿಗೆ ಹೋಗುವ ದಪ್ಪ ಪೈಪಿನ ಗುಂಟ ಮೆಲ್ಲಗೆ ಹಿಡಿದುಕೊಂಡು ಹೋದೆ. ಹೊಗೆ ನೆಟ್ಟಗೆ ಏರುತ್ತಿತ್ತು. ಕ್ಲಿಪ್ಪಿನ ಕೆಳಗೆ ಬಂದಾಗ ಒಮ್ಮೆಲೇ ಬಾಗಿತು, ಒಳಗೆ ಹೋಯಿತು. ಬೆರಳುದ್ದ ಸೀಳು.

ಪೈಪ್ ಹೊಸದು ಹಾಕಿದೆ. ಪೆಡಲ್ ಇಳಿಯಿತು.

ಸಂಜೆ 6

ಅವಳು ಬಂದಳು. ಸೀಳಿದ ಪೈಪ್ ಕೈಗೆ ಕೊಟ್ಟೆ.

“ಸೋಮವಾರ ಇದ ಸಪ್ಪಳ ಮಾಡತಿತ್ರಿ. ನನಗ ಕೇಳಸಲಿಲ್ಲ. ಕಿವಿ ಹೋಗೇತಿ.”

“ಐತಿ ಅಂದ್ರೆಲ್ಲ ನೀವು.”

“ನಾಚಿಕಿ ಆತ್ರಿ.”

ಸೀಳಿನೊಳಗೆ ಬೆರಳು ಹಾಕಿ ನೋಡಿದಳು. “ನಿಮ್ಮ ನಾಚಿಕಿಗೆ ನಮ್ಮಪ್ಪನ ಹಣಿ ಒಡೀಬೇಕಿತ್ತೇನ್ರಿ?”

ಕೀ ತೆಗೆದುಕೊಂಡು ಕಾರು ಓಡಿಸಿಕೊಂಡು ಹೋದಳು.

ಮನೆಗೆ ಬಂದು ಬೀಬಿಜಾನಳಿಗೆ ಹೇಳಿದೆ. “ನನಗ ಗೊತ್ತೈತಿ,” ಅಂದಳು. “ನೀವ ಹೇಳ್ಲಿ ಅಂತ ಸುಮ್ಮನಿದ್ದೆ.”

ಜುಲೈ 17

ಗುರುವಾರ. ರಸ್ತೆ ನೋಡುತ್ತ ಕೂತೆ. ಬರಲಿಲ್ಲ. ಸೋಮವಾರವೂ ಬಂದಿರಲಿಲ್ಲ. ಬರಲಿ ಅಂತ ಕೇಳುವ ಹಕ್ಕಿಲ್ಲ.

ಜುಲೈ 28, ಸೋಮವಾರ. ಬೆಳಿಗ್ಗೆ 11

ಕಿವಿ ಡಾಕ್ಟರ್ ಬುಧವಾರ ಬರಹೇಳಿದ್ದಾರೆ. ಕಿವಿಗೆ ಮಿಷನ್ ಹಾಕಬೇಕಾಗಬಹುದು.

ಈಗ ತಾನೇ ಅವಳ ಕಾರು ಬಂತು. ಹಿಂದಿನ ಸೀಟಿನಲ್ಲಿ ತಿರಕಪ್ಪನವರು. ಹಣೆಯ ಮೇಲೆ ಕೆಂಪು ಗೆರೆ. ಆಸ್ಪತ್ರೆಗೆ ಹೋಗುವ ಮೊದಲೇ ಬಂದಿದ್ದಾರೆ. ಕೈ ಮುಗಿದೆ. ಅವರು ತಲೆಯಾಡಿಸಿದರು.

ಅವಳು ಎಂಜಿನ್ ಬಂದ್ ಮಾಡದೆ ಇಳಿದು ಬಾನೆಟ್ ಎತ್ತಿದಳು. ಮುಖದಲ್ಲಿ ನಗು ಇಲ್ಲ.

“ಮತ್ತ ನಡಗಾಕತ್ತೈತ್ರಿ. ನೀವು ಕೈಲೆ ನೋಡ್ರಿ. ಸಪ್ಪಳ ನಾ ಕೇಳತೀನಿ.”

ಅವಳು ತೋರಿಸುವ ಪೈಪಿಗೆ ಬಣ್ಣದ ಚೀಟಿ ಹಚ್ಚಿ ಗುರುತು ಮಾಡಲು ಪೆನ್ನು ಬೇಕೆಂದು ಒಳಗೆ ಬಂದವನು ಇಷ್ಟು ಗೀಚಿದೆ. ಅವಳು ಕೈಸನ್ನೆ ಮಾಡಿ ಕರೆಯುತ್ತಿದ್ದಾಳೆ, ಬೆರಳು ಒಂದು ಪೈಪಿನ ಮೇಲೆ —