ತೊಟ್ಟಿಯ ಉಪ್ಪು

ಚನ್ನೇಶ,

ಕಾರವಾರದಿಂದ ನೀನು ತಂದ ಎರಡನೇ ಮೀನೂ ಬೆಳಿಗ್ಗೆ ಸತ್ತಿತು. ಉಳಿದದ್ದು ಮಗ್ಗುಲಾಗಿ ಬಿದ್ದಿದೆ. ತೊಟ್ಟಿಗೆ ಬರೀ ಬಾವಿ ನೀರು ಸ್ವಲ್ಪ ಸ್ವಲ್ಪವೇ ಬೆರೆಸು, ಉಪ್ಪು ಬೇಡ.

ಸಮುದ್ರದ ಮೀನಲ್ಲವಾ ಅಂತ, ನೀರು ಇಳಿದಾಗಲೆಲ್ಲ ನಾನೇ ಉಪ್ಪುನೀರು ಸುರೀತಿದ್ದೆ. ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತೆ ಅಂತ ಹೊಳೀಲಿಲ್ಲ. ದೇವರ ಎಡೆಗೆ ಮುಂಚೆ ಯಾವುದನ್ನೂ ರುಚಿ ನೋಡಿದವಳಲ್ಲ ನಾನು, ಇದನ್ನೂ ನೋಡಲಿಲ್ಲ. ಇವತ್ತು ಬೆರಳದ್ದಿ ನೆಕ್ಕಿದೆ. ಗಂಟಲು ಉರೀತು.

ಮೊದಲನೇ ಮೀನು ಸತ್ತಾಗ, ಸೋಪಿನ ಕೈ ಅದ್ದಿದಳು ಅಂತ ಶೈಲಾಗೆ ಹೊಡೆದೆಯಲ್ಲ, ಅವಳು ತೊಟ್ಟಿ ಮುಟ್ಟೇ ಇರಲಿಲ್ಲ.

ಸಾರು ಒಲೆ ಮೇಲಿದೆ, ಬಿಸಿ ಮಾಡ್ಕೋ. ಅವಳನ್ನು ಕರೆತರೋಕೆ ಅವಳ ತವರಿಗೆ, ಆನವಟ್ಟಿಗೆ ಹೊರಟಿದೀನಿ. ಬರ್ತಾಳೋ ಇಲ್ವೋ. ಹೊಡೆತ ತಿನ್ನುವಾಗ ನನ್ನ ಮುಖವನ್ನೇ ನೋಡ್ತಿದ್ದಳು. ನಾನು ಬಿಡಿಸಲಿಲ್ಲ.

ಅವ್ವ